ಸಿಎಂ ಸಹಿ ಹಾಕಿದರೆ ರೊಕ್ಕ ಆಚೀಚೆ ಆಗುವುದಿಲ್ಲವೇ?

ಪ್ರಶ್ನೆ: "ಖಜಾನೆಯೊಳಗ ರೊಕ್ಕ ಐತಿ ಅಂತಾರ. ಅದನ್ನ ಒಂದು ನಿಧಿಯಿಂದ ಇನ್ನೊಂದಕ್ಕ ಹಾಕಾಕ ಕಾಯ್ದೆ ಯಾಕ ಬೇಕ್ರೀ? ಮುಖ್ಯಮಂತ್ರಿ ಒಂದು ಸಹಿ ಹಾಕಿದ್ರ ಸಾಲದೇನು?"

ಸಾಲದು. ಹಾವೇರಿ ಬಸ್ಸಿನಲ್ಲಿ, ಧಾರವಾಡದ ಚಹಾದಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಇದನ್ನೇ ಹೇಳಿ ಹೇಳಿ ಬಾಯಿ ಒಣಗಿದೆ. ಬರೆದಿಟ್ಟರೆ ಇನ್ನು ಮುಂದೆ ತೋರಿಸಿ ಸುಮ್ಮನಿರಬಹುದು ಎಂಬ ಆಸೆ.

ಗೊಂದಲದ ಬೇರು "ಸರ್ಕಾರದ್ದು ಒಂದೇ ಖಜಾನೆ" ಎಂಬ ನಂಬಿಕೆ. ಅದರಲ್ಲಿ ಅರ್ಧ ನಿಜವಿದೆ, ಅದಕ್ಕೇ ಸಾಯುತ್ತಿಲ್ಲ. ರಾಜ್ಯದ ನಗದೆಲ್ಲ ರಿಸರ್ವ್ ಬ್ಯಾಂಕಿನಲ್ಲಿ ಒಂದೇ ಶಿಲ್ಕಾಗಿ ಇರುತ್ತದೆ, ಹೌದು. ಶಿಲ್ಕು ಒಂದಾದ ಮಾತ್ರಕ್ಕೆ ಖರ್ಚು ಮಾಡುವ ಅಧಿಕಾರ ಒಂದಾಗುತ್ತದೆಯೇ? ಲೆಕ್ಕದಲ್ಲಿ ಅದು ಮೂರು ಪಾಲು. ತೆರಿಗೆ, ಸಾಲ, ಕೇಂದ್ರದ ಅನುದಾನ ಸೇರುವುದು ಸಂಚಿತ ನಿಧಿಗೆ. ಕಾನೂನಿನ ಪ್ರಕಾರವಲ್ಲದೆ ಅಲ್ಲಿಂದ ಒಂದು ಪೈಸೆಯನ್ನೂ ತೆಗೆಯುವಂತಿಲ್ಲ ಎನ್ನುತ್ತದೆ ಸಂವಿಧಾನದ 266ನೇ ವಿಧಿ. ಬಜೆಟ್ಟಿನ ಬೆನ್ನಿಗೇ ಪಾಸಾಗುವ ಧನವಿನಿಯೋಗ ಕಾಯ್ದೆಯೇ ಆ ಕಾನೂನು. ಎರಡನೆಯದು ಸಾರ್ವಜನಿಕ ಲೆಕ್ಕ: ಗದಗಿನ ಗುತ್ತಿಗೆದಾರ ಇಟ್ಟ ಭದ್ರತಾ ಠೇವಣಿ, ಮಾಸ್ತರರ ಜಿಪಿಎಫ್ (ಸಂಬಳದಿಂದ ಕೂಡಿಡುವ ಭವಿಷ್ಯ ನಿಧಿ) ಇತ್ಯಾದಿ. ಇದು ಸರ್ಕಾರದ ಗಳಿಕೆಯಲ್ಲ, ಒಂದು ದಿನ ವಾಪಸ್ ಕೊಡಬೇಕಾದದ್ದು. ಮೂರನೆಯದು 1957ರ ಕಾಯ್ದೆಯ ಸಾದಿಲ್ವಾರು ನಿಧಿ. ತುರ್ತಿಗೆ ಮುಂಗಡ ಸಿಗುತ್ತದೆ. ಆಮೇಲೆ ಸದನದ ಮಂಜೂರಾತಿ ಪಡೆದು ತುಂಬಿಕೊಡಬೇಕು.

ಇಷ್ಟು ಹೇಳಿದರೂ ತಲೆ ಅಲ್ಲಾಡಿಸುವವರಿಗೆ ನೆರೆ ಪರಿಹಾರದ ಲೆಕ್ಕ ತೋರಿಸುತ್ತೇನೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು ಮುಳುಗಿತ್ತಲ್ಲ. ಇಂಥ ಹೊತ್ತಿಗೆಂದೇ ಇರುವುದು ರಾಜ್ಯ ವಿಪತ್ತು ಸ್ಪಂದನಾ ನಿಧಿ. ಅದರಲ್ಲಿ ಕೇಂದ್ರದ ಪಾಲು ಶೇ 75, ನಮ್ಮದು ಶೇ 25. ಕೇಂದ್ರದ ಪಾಲು ಮೊದಲು ಸಂಚಿತ ನಿಧಿಗೆ ಬರುತ್ತದೆ. ಅಲ್ಲಿ ವಿಪತ್ತು ಪರಿಹಾರದ 2245 ಎಂಬ ಲೆಕ್ಕ ಶೀರ್ಷಿಕೆಯಡಿ ಖರ್ಚು ಬರೆದು, ಸಾರ್ವಜನಿಕ ಲೆಕ್ಕದಲ್ಲಿ ಈ ನಿಧಿ ಇರುವ 8121 ಎಂಬ ಶೀರ್ಷಿಕೆಗೆ ಜಮಾ ಮಾಡುತ್ತಾರೆ. ಪರಿಹಾರ ಹಂಚುವಾಗ ಮತ್ತೆ 2245ರಲ್ಲೇ ಖರ್ಚು ತೋರಿಸಿ, ಅಷ್ಟನ್ನು 8121ರಿಂದ ಮುರಿದುಕೊಳ್ಳುತ್ತಾರೆ. ಮೊದಲ ವರ್ಗಾವಣೆಯಲ್ಲಿ ಒಂದು ನೋಟೂ ಕದಲುವುದಿಲ್ಲ, ಬರೀ ಪುಸ್ತಕ ಹೊಂದಾಣಿಕೆ. ಆದರೂ ಅದಕ್ಕೆ ಸದನದ ಒಪ್ಪಿಗೆ ಬೇಕು, ಯಾಕೆಂದರೆ ಲೆಕ್ಕದಲ್ಲಿ ಹಣ ಸಂಚಿತ ನಿಧಿ ಬಿಟ್ಟು ಹೊರಬಿತ್ತು. ನೀವು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ.

"ಹಂಗಾದ್ರ ಹಣಕಾಸು ಇಲಾಖೆ ವರ್ಷಪೂರ್ತಿ ಅಲ್ಲಿದ್ದದ್ದು ಇಲ್ಲಿ ಮಾಡತೈತಲ್ಲ?" ಮಾಡುತ್ತದೆ, ಒಂದೇ ಬೇಡಿಕೆಯ (ಒಂದು ಬಾಬ್ತಿಗೆಂದು ಸದನ ಮಂಜೂರು ಮಾಡಿದ ಮೊತ್ತದ) ಒಳಗೆ. ಅದಕ್ಕೆ ಮರುವಿನಿಯೋಗ ಅನ್ನುತ್ತಾರೆ. ಶಿಕ್ಷಣದ ಬೇಡಿಕೆಯಿಂದ ತೆಗೆದು ಲೋಕೋಪಯೋಗಿಗೆ ಹಾಕಲು, ಬಂಡವಾಳದ ಹಣವನ್ನು ಸಂಬಳಕ್ಕೆ ತಿರುಗಿಸಲು ಮುಖ್ಯಮಂತ್ರಿಯ ಸಹಿಗೂ ಬಲವಿಲ್ಲ. ಅದಕ್ಕೆ ಪೂರಕ ಅಂದಾಜು, ಅಂದರೆ ಬಜೆಟ್ಟಿನ ನಂತರದ ಹೆಚ್ಚುವರಿ ಖರ್ಚಿನ ಪಟ್ಟಿ, ಸದನದಲ್ಲಿ ಮಂಡಿಸಲೇಬೇಕು. ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲಿ ಸಾಮಾನ್ಯವಾಗಿ ಇದು ಬರುತ್ತದೆ. ಸುವರ್ಣಸೌಧದ ಹೊರಗಿನ ಧರಣಿಗೆ ಪೇಪರಿನಲ್ಲಿ ಪುಟಗಟ್ಟಲೆ ಜಾಗ, ಇದಕ್ಕೆ ಒಳಪುಟದಲ್ಲಿ ನಾಲ್ಕು ಸಾಲು. ಸದನ ಒಪ್ಪಿದ್ದಕ್ಕಿಂತ ಹೆಚ್ಚು ಖರ್ಚಾದರೆ ಸರ್ಕಾರದ ಲೆಕ್ಕ ತಪಾಸಿಸುವ ಸಿಎಜಿಯ ವರದಿಯಲ್ಲಿ ಬಯಲಿಗೆ ಬಂದು 205ನೇ ವಿಧಿಯಡಿ ಸಕ್ರಮವಾಗಬೇಕು. ಶಾಸಕರು ಓದದೆಯೇ "ಹೌದು" ಅನ್ನುತ್ತಾರೆ ಎನ್ನುವಿರಾದರೆ ನಾನೂ ನಿಮ್ಮ ಪಕ್ಷವೇ. ಅದು ಬೇರೆ ಜಗಳ.

ನೀವು ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ ಕಟ್ಟುವ ಮನೆ ಕರ ಈ ಮೂರರಲ್ಲಿ ಯಾವುದಕ್ಕೂ ಹೋಗುವುದಿಲ್ಲ. 1976ರ ಪೌರನಿಗಮಗಳ ಕಾಯ್ದೆಯಡಿ ಪಾಲಿಕೆಗೆ ಅದರದೇ ನಿಧಿ ಇದೆ. ಆದರೆ ಚಲನ್ನಿನ ಕೆಳಭಾಗ ನೋಡಿ: ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ಇವನ್ನು ವಸೂಲು ಮಾಡುವುದಷ್ಟೇ ಪಾಲಿಕೆಯ ಕೆಲಸ. ತೆರಿಗೆಯ ಮೇಲೆ ಶೇ 6ರಷ್ಟು ಬೀಳುವ ಗ್ರಂಥಾಲಯ ಕರ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಗ್ರಂಥಾಲಯ ಪ್ರಾಧಿಕಾರದ್ದು. ರಾಜ್ಯದ ಎಷ್ಟೋ ಸ್ಥಳೀಯ ಸಂಸ್ಥೆಗಳು ಅದನ್ನು ವಸೂಲು ಮಾಡಿ ದಾಟಿಸದೆ ಬಾಕಿ ಉಳಿಸಿಕೊಂಡಿರುವುದು ಹಳೇ ಸುದ್ದಿ. ಇಲ್ಲಿ ಕಾನೂನಿಗೆ ಕೊರತೆಯಿಲ್ಲ, ಚೆಕ್ ಬರೆಯುವವರಿಗೆ ಕೊರತೆ.

ನಿಮ್ಮೂರಿನ ಲೆಕ್ಕ ಬೇಕಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. "ಎಷ್ಟು ವಸೂಲಾಯಿತು" ಎಂದಷ್ಟೇ ಕೇಳಿ ಬಿಡಬೇಡಿ. ಯಾವ ತಾರೀಖಿಗೆ, ಎಷ್ಟು ಮೊತ್ತ, ಪ್ರಾಧಿಕಾರದ ಯಾವ ಖಾತೆಗೆ ಜಮಾ ಆಯಿತು ಎಂದು ಕೇಳಿ.