ಗ್ಯಾಲಕ್ಸಿಯ ಸುರುಳಿಗೆ ಕಪ್ಪು ರಂಧ್ರ ಕಾರಣವಲ್ಲ, ಮಾರಾಯ್ರೆ

ಪ್ರಶ್ನೆ: ನಡುವಿನ ಕಪ್ಪು ರಂಧ್ರ ಎಲ್ಲವನ್ನೂ ಒಳಗೆ ಎಳೆಯುವುದರಿಂದಲೇ ಗ್ಯಾಲಕ್ಸಿ ಸುರುಳಿಯಾಗಿರುವುದು, ಅಲ್ವಾ?

ಅಲ್ಲ. ಕಾರವಾರದಿಂದ ಕೇಳಿದರೂ ಅಲ್ಲ, ಶಿರಸಿಯಿಂದ ಕೇಳಿದರೂ ಅಲ್ಲ. ಕಡಲತೀರದಲ್ಲಿ ದೂರದರ್ಶಕ ಇಟ್ಟಾಗಲೆಲ್ಲ ಇದೇ ಪ್ರಶ್ನೆ.

ನಮ್ಮ ಗ್ಯಾಲಕ್ಸಿಯಾದ ಆಕಾಶಗಂಗೆಯ ನಡುವಿನ ಕಪ್ಪು ರಂಧ್ರ ಸುಮಾರು 40 ಲಕ್ಷ ಸೂರ್ಯರಷ್ಟು ಭಾರ. ಜಾಸ್ತಿ ಅನಿಸಿತಾ? ಇಲ್ಲಿರುವ ನಕ್ಷತ್ರಗಳೇ ಕಡಿಮೆಯೆಂದರೂ 10,000 ಕೋಟಿ. ನಾವು ನಡುವಿನಿಂದ ಸುಮಾರು 26,000 ಜ್ಯೋತಿರ್ವರ್ಷ ದೂರ. ಸೂರ್ಯ ಒಳಗೆ ಬೀಳುತ್ತಿಲ್ಲ, ಸುಮ್ನೆ ಸುತ್ತು ಹಾಕುತ್ತಿದ್ದಾನೆ.

ಆದರೂ ಒಪ್ಪದವರು ಎಂ33 ಅನ್ನೋ ಗ್ಯಾಲಕ್ಸಿ ನೋಡಿ. ಚೆಂದದ ಸುರುಳಿ, ನಡುವೆ ದೈತ್ಯ ಕಪ್ಪು ರಂಧ್ರದ ಸುಳಿವೇ ಇಲ್ಲ. ಆಮೇಲೆ ಎಂ87 ಅನ್ನೋ ಇನ್ನೊಂದು ಗ್ಯಾಲಕ್ಸಿ. 2019ರಲ್ಲಿ ಕಪ್ಪು ರಂಧ್ರದ ಮೊದಲ ಚಿತ್ರ ಬಂತಲ್ಲ, ಅದು ಇದರದ್ದೇ. ಸುಮಾರು 650 ಕೋಟಿ ಸೂರ್ಯರ ಭಾರ! ಅಷ್ಟಿದ್ದೂ ಆ ಗ್ಯಾಲಕ್ಸಿ ಬರೀ ದುಂಡಗಿದೆ, ಸುರುಳಿ ತೋಳು ಒಂದೂ ಇಲ್ಲ. ಇನ್ನೇನು ಸಾಕ್ಷಿ ಬೇಕು?

ಹಾಗಾದರೆ ತೋಳು ಏನು? ಒಳಗಿನ ನಕ್ಷತ್ರಗಳು ಬೇಗ ಸುತ್ತು ಮುಗಿಸುತ್ತವೆ, ಹೊರಗಿನವು ತಡವಾಗಿ. ತೋಳಿನಲ್ಲಿ ಸದಾ ಅವೇ ನಕ್ಷತ್ರಗಳಿದ್ದರೆ ಅದು ಯಾವತ್ತೋ ಬಿಗಿಯಾಗಿ ಸುತ್ತಿಕೊಂಡು ಕಾಣದಂತಾಗಬೇಕಿತ್ತು. 1964ರಲ್ಲಿ ಲಿನ್ ಮತ್ತು ಶು ಎಂಬ ವಿಜ್ಞಾನಿಗಳು ಹೇಳಿದ್ದು: ತೋಳು ವಸ್ತುವಲ್ಲ, ದಟ್ಟಣೆಯ ಅಲೆ. ದೇವಿಮನೆ ಘಾಟಿಯಲ್ಲಿ ಲೋಡಿನ ಲಾರಿಯ ಹಿಂದೆ ಸಾಲು ಕಟ್ಟುತ್ತದಲ್ಲ, ಹಾಗೆ. ಒಂದೊಂದೇ ವಾಹನ ದಾಟಿ ಹೋಗುತ್ತದೆ, ಹಿಂದಿನಿಂದ ಹೊಸದು ಸೇರುತ್ತದೆ, ಸಾಲು ಮಾತ್ರ ಹಾಗೇ ಇರುತ್ತದೆ. ಆ ದಟ್ಟಣೆಯಲ್ಲಿ ಅನಿಲ ಒತ್ತಿಕೊಂಡು ನೀಲಿ ನಕ್ಷತ್ರಗಳು ಹುಟ್ಟುತ್ತವೆ, ತೋಳು ಹೊಳೆಯುತ್ತದೆ. ಎಲ್ಲ ಸುರುಳಿಗೂ ಇದೊಂದೇ ಕಾರಣವಲ್ಲ, ಆದರೆ ದೊಡ್ಡ ತೋಳುಗಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಯಾರೂ ಕೇಳದಿದ್ದರೂ ಉಂಗುರದ ಗ್ಯಾಲಕ್ಸಿಗಳ ಬಗ್ಗೆ ಹೇಳಲೇಬೇಕು. ಕಾರ್ಟ್‌ವೀಲ್ ಎಂಬ ಉಂಗುರ ಗ್ಯಾಲಕ್ಸಿಯ ಕಥೆ ಸುಲಭ: ಚಿಕ್ಕ ಗ್ಯಾಲಕ್ಸಿಯೊಂದು ನಡುವೆ ತೂರಿ ಹೋಯಿತು, ಅಲೆ ಉಂಗುರವಾಗಿ ಹರಡಿತು. ಆದರೆ 1950ರಲ್ಲಿ ಆರ್ಟ್ ಹೋಗ್ ಎಂಬ ಖಗೋಳ ವಿಜ್ಞಾನಿ ಕಂಡ ಗ್ಯಾಲಕ್ಸಿ ಇನ್ನೂ ಒಗಟು. ನಡುವೆ ಹಳದಿ ಗೋಳ, ಸುತ್ತ ನೀಲಿ ಉಂಗುರ, ಎರಡರ ಮಧ್ಯೆ ಖಾಲಿ. ತೂರಿ ಹೋದವರ ಪತ್ತೆಯೇ ಇಲ್ಲ. ಆ ಖಾಲಿಯಲ್ಲಿ ಇನ್ನೊಂದು ಉಂಗುರ ಗ್ಯಾಲಕ್ಸಿ ಕಾಣುತ್ತದೆ. ಅದು ತುಂಬಾ ಹಿಂದೆ, ದೂರದಲ್ಲಿದೆ. ಡಿಕ್ಕಿ ಹೊಡೆದದ್ದು ಅದಲ್ಲ. ಮುಂದಿನ ಪ್ರಶ್ನೆ ಇದೇ ಅಂತ ಗೊತ್ತು, ಅದಕ್ಕೇ ಈಗಲೇ ಹೇಳಿದೆ.