ಆ ಮರಿಗೆ ತಾಯಿ ಇದ್ದಾಳೆ

ಕಬ್ಬಿನ ಕಟಾವು ಶುರುವಾಯಿತು ಎಂದರೆ ನಮ್ಮಂಥ ವನ್ಯಜೀವಿ ವೈದ್ಯರ ಫೋನಿಗೆ ಬಿಡುವಿಲ್ಲ. ಮಂಡ್ಯ, ಮೈಸೂರು, ಚಾಮರಾಜನಗರ ಕಡೆಯಿಂದ ಬರುವ ಕರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ‘ಡಾಕ್ಟ್ರೇ, ಗದ್ದೇಲಿ ಚಿರತೆ ಮರಿ ಸಿಕ್ಕಿವೆ. ತಾಯಿ ಇಲ್ಲ, ಬಿಟ್ಟು ಹೋಗ್ಬಿಟ್ಟಿದೆ. ಪಾಪ ಅಂತ ಮನೆಗೆ ತಂದು ಹಾಲು ಹಾಕಿದೀವಿ.’

ಫೋನ್ ಮಾಡಿದವರು ಕೆಟ್ಟವರಲ್ಲ. ಚಿರತೆ ಅಂದರೆ ದೊಣ್ಣೆ ಹಿಡಿದು ಓಡಿಬರುವವರೇ ಜಾಸ್ತಿ. ಅಂಥದ್ದರಲ್ಲಿ ಅದರ ಮರಿಗೆ ಹಾಲು ಹಾಕಿದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಆದರೂ ಹೇಳಲೇಬೇಕು. ತಾಯಿ ಬಿಟ್ಟು ಹೋಗಿರಲಿಲ್ಲ. ನೀವು ಹೊತ್ತುಕೊಂಡು ಬಂದಿದ್ದೀರಿ.

ಈ ಒಂದು ಮಾತು ತಲೆಗೆ ಹೋಗುವುದು ಯಾಕೋ ತುಂಬಾ ಕಷ್ಟ. ಅದಕ್ಕೇ ಬಿಡಿಸಿ ಹೇಳುತ್ತೇನೆ. ಚಿರತೆಗಳಲ್ಲಿ ಮರಿ ಸಾಕುವ ಕೆಲಸ ಪೂರ್ತಿ ಹೆಣ್ಣಿನದು. ಬೇಟೆ ಆಡಬೇಕು, ನೀರು ಕುಡಿಯಬೇಕು, ಮರಿಗೂ ಹಾಲು ಕೊಡಬೇಕು. ಸಾಮಾನ್ಯವಾಗಿ ಒಂದು ಸೂಲಿಗೆ ಎರಡೋ ಮೂರೋ ಮರಿ. ಹುಟ್ಟಿದಾಗ ಅವು ಕಣ್ಣೂ ಬಿಟ್ಟಿರುವುದಿಲ್ಲ. ಇಂಥವನ್ನು ಬೇಟೆಗೆ ಜೊತೆಗೆ ಕರೆದುಕೊಂಡು ಹೋಗಲು ಆಗುತ್ತದಾ? ಭದ್ರವಾದ ಜಾಗ ನೋಡಿ ಅಡಗಿಸಿಟ್ಟು ಹೋಗುತ್ತದೆ. ವರ್ಷ ತುಂಬಿದ ಕಬ್ಬಿನ ಗದ್ದೆಗಿಂತ ಭದ್ರವಾದ ಜಾಗ ನಮ್ಮ ಬಯಲಿನಲ್ಲಿ ಯಾವುದಿದೆ? ಒಳಗೆ ನೆರಳು, ತಂಪು, ನೀರು. ಆಚೆ ಬಂದರೆ ಊರ ನಾಯಿ, ಹಂದಿ. ತರಗಿನ ಮೇಲೆ ಮರಿ ಮಲಗಿಸಿ ಹೋದ ತಾಯಿ ಕೆಲವು ಸಲ ಇಡೀ ದಿನ ಬರುವುದಿಲ್ಲ. ಮಚ್ಚಿನ ಸದ್ದು, ಟ್ರ್ಯಾಕ್ಟರ್ ಸದ್ದು, ಕೂಲಿಯವರ ಮಾತು ಕೇಳುತ್ತಿದ್ದರಂತೂ ಹಗಲು ಹೊತ್ತು ಹತ್ತಿರ ಸುಳಿಯುವುದೇ ಇಲ್ಲ. ಎಷ್ಟೋ ಸಲ ಪಕ್ಕದ ಗದ್ದೆಯಲ್ಲೇ ಕೂತು ಕತ್ತಲಾಗುವುದನ್ನು ಕಾಯುತ್ತಿರುತ್ತದೆ.

ಅದೇ ಗದ್ದೆಯಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳು ಬದುವಿನ ಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿ, ಕೂಸು ಮಲಗಿಸಿ ಕೆಲಸಕ್ಕೆ ಇಳಿಯುತ್ತಾರೆ. ದಾರಿಯಲ್ಲಿ ಹೋಗುವವರು ಯಾರೋ, ಹತ್ತಿರ ಯಾರೂ ಕಾಣುತ್ತಿಲ್ಲ ಅಂತ ಜೋಲಿಯಿಂದ ಕೂಸನ್ನು ಎತ್ತಿಕೊಂಡು ಹೋದರೆ ನಾವು ಅದಕ್ಕೆ ಏನನ್ನುತ್ತೇವೆ? ಕಾಪಾಡಿದರು ಅನ್ನುವುದಿಲ್ಲ, ಅಲ್ವಾ?

ಇಷ್ಟು ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಆಮೇಲೆ ಇನ್ನೊಂದು ಮಾತು ಬರುತ್ತದೆ. ಇವತ್ತು ನಾನು ಬರೆಯಲು ಕೂತಿದ್ದೇ ಆ ಮಾತಿಗಾಗಿ. ‘ಸರಿ ಡಾಕ್ಟ್ರೇ, ಆದ್ರೆ ಈಗ ಮುಟ್ಬಿಟ್ಟಿದೀವಲ್ಲ. ಮನುಷ್ಯರ ವಾಸನೆ ಹತ್ತಿಬಿಟ್ಟಿದೆ. ಇನ್ನು ತಾಯಿ ಸೇರಿಸಲ್ಲ.’

ಸೇರಿಸುತ್ತದೆ. ದಯವಿಟ್ಟು ಈ ಪದ ಇನ್ನೊಂದು ಸಲ ಓದಿ. ಸೇರಿಸುತ್ತದೆ.

ಹಳ್ಳಿಯವರು, ಪೇಟೆಯವರು, ಓದಿದವರು, ಓದದವರು, ಎಲ್ಲರಿಗೂ ಈ ನಂಬಿಕೆ ಇದೆ. ಎಲ್ಲಿಂದ ಬಂತೋ ಗೊತ್ತಿಲ್ಲ, ಹಾಳು ಮಾಡಿದ್ದು ಮಾತ್ರ ಲೆಕ್ಕವಿಲ್ಲದಷ್ಟು. ಯೋಚಿಸಿ ನೋಡಿ. ತಿಳಿಯದೆ ಮರಿ ಎತ್ತಿಕೊಂಡದ್ದು ಸಣ್ಣ ತಪ್ಪು. ಅವತ್ತೇ ಸಂಜೆ ಸರಿ ಮಾಡಬಹುದಾದ ತಪ್ಪು. ಆದರೆ ‘ಮುಟ್ಟಿದ ಮೇಲೆ ತಾಯಿ ಸೇರಿಸಲ್ಲ’ ಎಂದುಕೊಂಡವರು ಮರಿಯನ್ನು ವಾಪಸ್ ಇಡಲು ಒಪ್ಪುವುದೇ ಇಲ್ಲ. ‘ಹೇಗೂ ಸಾಯುತ್ತೆ, ನಾವೇ ಸಾಕೋಣ’ ಅನ್ನುತ್ತಾರೆ. ಒಂದು ಗಂಟೆಯ ತಪ್ಪು ಅಲ್ಲಿಂದ ಆ ಮರಿಯ ಜೀವಮಾನದ ಶಿಕ್ಷೆಯಾಗುತ್ತದೆ.

ತಾಯಿಗೆ ತನ್ನ ಮರಿಯ ಕೂಗು ಗೊತ್ತು, ವಾಸನೆಯೂ ಗೊತ್ತು. ನಿಮ್ಮ ಕೈ ತಗುಲಿದ್ದಕ್ಕೆ ಅದು ಅಳಿಸಿಹೋಗುವುದಿಲ್ಲ. ಊರ ಪಕ್ಕದಲ್ಲೇ ಬದುಕುವ ಚಿರತೆಗೆ ಮನುಷ್ಯರ ವಾಸನೆ ಹೊಸದೂ ಅಲ್ಲ. ಮರಿ ಸಿಕ್ಕಾಗ ನಾವು ವೈದ್ಯರು ಸುಮ್ಮನೆ ನೋಡಿ ಬಿಡುವುದಿಲ್ಲ. ಬಾಯಿ ತೆಗೆಸಿ ನೋಡುತ್ತೇವೆ, ತೂಕ ಮಾಡುತ್ತೇವೆ, ಮೈಗೆ ಕಚ್ಚಿರುವ ಉಣ್ಣೆ ಹುಳ ಕೀಳುತ್ತೇವೆ, ಗುರುತಿಗೆ ಮೈಕ್ರೋಚಿಪ್ ಹಾಕುವುದೂ ಉಂಟು. ಇಷ್ಟೆಲ್ಲ ಕೈಯಾಡಿಸಿದ ಮರಿಯನ್ನೂ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ. ಪುಣೆ ಜಿಲ್ಲೆಯ ಜುನ್ನರ್ ಕಡೆ ಕಬ್ಬಿನ ಗದ್ದೆಗಳಲ್ಲಿ ಸಿಕ್ಕ ಮರಿಗಳನ್ನು ಅರಣ್ಯ ಇಲಾಖೆಯವರೂ ವೈದ್ಯರೂ ಸೇರಿ ತಾಯಿಗೆ ಒಪ್ಪಿಸುವ ಕೆಲಸ ವರ್ಷಗಳಿಂದ ನಡೆಯುತ್ತಿದೆ. ಕತ್ತಲಲ್ಲಿ ತಾಯಿ ಬಂದು ಒಂದೊಂದೇ ಮರಿಯನ್ನು ಎತ್ತಿಕೊಂಡು ಹೋಗುವುದು ಕ್ಯಾಮೆರಾದಲ್ಲಿ ದಾಖಲಾಗಿದೆ. ನಮ್ಮ ಕಡೆಯೂ ಹೀಗೆ ಮಾಡುತ್ತೇವೆ.

ಮಾಡುವ ಕೆಲಸ ದೊಡ್ಡದೇನಲ್ಲ. ಮರಿಗಳನ್ನು ಬೆಚ್ಚಗಿಟ್ಟುಕೊಂಡು, ಸೂರ್ಯ ಮುಳುಗುವ ಹೊತ್ತಿಗೆ ಅವು ಸಿಕ್ಕ ಜಾಗಕ್ಕೇ ತಂದು, ಟೊಮೆಟೊ ತುಂಬುವ ಕ್ರೇಟಿನಂಥದ್ದರಲ್ಲಿ ಇಡುತ್ತೇವೆ. ತಾಯಿ ಬಗ್ಗಿ ಎತ್ತಿಕೊಳ್ಳುವ ಹಾಗಿರಬೇಕು, ಮರಿ ಹತ್ತಿ ಆಚೆ ಹೋಗದ ಹಾಗಿರಬೇಕು. ಆ ಭಾಗದ ಕಬ್ಬು ಪೂರ್ತಿ ಕಡಿದುಹೋಗಿದ್ದರೆ, ಉಳಿದ ಕಬ್ಬಿನ ಅಂಚಿಗೆ ಇಡುತ್ತೇವೆ. ಕ್ಯಾಮೆರಾ ಕಟ್ಟಿ ದೂರ ಹೋಗುತ್ತೇವೆ. ಆಮೇಲೆ ಕಾಯುವುದಷ್ಟೇ. ಕೆಲವು ತಾಯಂದಿರು ರಾತ್ರಿ ಊಟದ ಹೊತ್ತಿಗೇ ಬಂದುಬಿಡುತ್ತವೆ. ಕೆಲವು ಎರಡು ಮೂರು ರಾತ್ರಿ ಕಾಯಿಸುತ್ತವೆ. ಒಂದು ರಾತ್ರಿ ಬರಲಿಲ್ಲ ಅಂತ ಕೈಬಿಡಬಾರದು. ಹಗಲು ಮರಿಗಳನ್ನು ನೋಡಿಕೊಂಡು, ಸಂಜೆ ಮತ್ತೆ ಇಡಬೇಕು. ಇದನ್ನೆಲ್ಲ ಇಲಾಖೆಯವರು ಮತ್ತು ವೈದ್ಯರು ಮಾಡಬೇಕು, ನೀವೇ ಕತ್ತಲಲ್ಲಿ ಕ್ರೇಟು ಹಿಡಿದು ಹೋಗಬೇಡಿ. ಮರಿ ಇರುವ ಕಡೆ ತಾಯಿ ಇರುತ್ತದೆ ಅಂತ ಇಷ್ಟು ಹೊತ್ತು ಹೇಳಿದ್ದನ್ನು ಮರೆಯಬಾರದು.

ಎಲ್ಲಾ ಸಲವೂ ಕೆಲಸ ಆಗುತ್ತದೆ ಅಂತ ಭರವಸೆ ಕೊಡಲಾರೆ. ಮರಿಯನ್ನು ಬೇರೆ ತಾಲ್ಲೂಕಿಗೆ ಸಾಗಿಸಿ, ಎಲ್ಲಿ ಸಿಕ್ಕಿತು ಅಂತಲೇ ಹೇಳದಿದ್ದರೆ ಎಲ್ಲಿ ಅಂತ ಇಡುವುದು? ದಿನಗಳು ಕಳೆದಷ್ಟೂ ಕಷ್ಟ. ಆದರೆ ಕೆಲಸ ಕೆಡಿಸುವುದು ಹೆಚ್ಚಾಗಿ ಕೈಯ ವಾಸನೆ ಅಲ್ಲ, ಜನ. ಚಿರತೆ ಮರಿ ಅಂದ ತಕ್ಷಣ ಮೂರು ಊರಿನವರು ಸೇರುತ್ತಾರೆ. ಮರಿ ಕೈಯಿಂದ ಕೈಗೆ ಹೋಗುತ್ತದೆ. ಫೋಟೋ, ವಿಡಿಯೋ, ಶಿಳ್ಳೆ. ಮಕ್ಕಳನ್ನು ಎತ್ತಿ ತೋರಿಸುತ್ತಾರೆ. ಸಂಜೆ ನಾವು ಮರಿ ಇಟ್ಟು ಹಿಂದೆ ಸರಿದರೆ ಬೈಕುಗಳ ಲೈಟು ಗದ್ದೆಯ ಕಡೆಗೇ ತಿರುಗಿರುತ್ತದೆ. ಅಷ್ಟು ಗದ್ದಲದಲ್ಲಿ ಯಾವ ತಾಯಿ ಬರುತ್ತದೆ? ನೋಡಬೇಕು ಅನ್ನುವ ಆಸೆ ತಪ್ಪಲ್ಲ. ನನಗೂ ಮರಿ ಕಂಡರೆ ಜೀವ. ಆದರೆ ಬಾಣಂತಿ ಇರುವ ಕಡೆ ಹೇಗೆ ನಡೆದುಕೊಳ್ಳಬೇಕು ಅಂತ ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಆ ಮರ್ಯಾದೆಯನ್ನು ಗದ್ದೆಯ ಬದುವಿನಲ್ಲೂ ಇಟ್ಟುಕೊಳ್ಳಿ ಅಂತಷ್ಟೇ ನಾನು ಕೇಳುವುದು.

ಶ್ರೀರಂಗಪಟ್ಟಣದ ಆಚೆ ಒಂದೂರಿನಲ್ಲಿ ಹೀಗೇ ಜನ ಸೇರಿಬಿಟ್ಟಿದ್ದರು. ಅರಣ್ಯ ಸಿಬ್ಬಂದಿ ಎಷ್ಟು ಹೇಳಿದರೂ ಒಬ್ಬರೂ ಕದಲಲಿಲ್ಲ. ಆಗ ಗದ್ದೆಯ ಯಜಮಾನರ ತಾಯಿ, ವಯಸ್ಸಾದ ಅಜ್ಜಿ, ಕೋಲೂರಿಕೊಂಡು ಬಂದರು. ‘ಅದರವ್ವ ಬತ್ತಳೆ, ಮೊದ್ಲು ನೀವೆಲ್ಲ ಅತ್ತಗೋಗ್ರಪ್ಪ! ಎದೆ ಕಟ್ಕೊಂಡಿದ್ರೆ ಎಷ್ಟು ನೋವಾಗ್ತದೆ ಅಂತ ನಿಮಗೇನ್ ಗೊತ್ತು?’ ಅಂತ ಗದರಿದರು. ಹುಡುಗರು ತಲೆ ತಗ್ಗಿಸಿಕೊಂಡು ಹೋದರು. ಅವತ್ತು ರಾತ್ರಿಯೇ ತಾಯಿ ಬಂತು. ಕೆಲಸದ ಮೇಲೆ ಎಷ್ಟೋ ತರಬೇತಿ ಶಿಬಿರಗಳಿಗೆ ಹೋಗಿದ್ದೇನೆ. ಮರಿ ಕಳೆದುಕೊಂಡ ಪ್ರಾಣಿಯ ಸಂಕಟವನ್ನು ಇಷ್ಟು ಸರಿಯಾಗಿ ಹೇಳಿದವರನ್ನು ಅಲ್ಲಿ ಕಂಡಿಲ್ಲ.

ಚಿರತೆಯೇ ಇಷ್ಟು, ಇನ್ನು ಜಿಂಕೆ ಮರಿಯ ವಿಷಯ ಕೇಳಿದರೆ ಹೊಟ್ಟೆ ಉರಿಯುತ್ತದೆ. ಜಿಂಕೆ ತನ್ನ ಎಳೆ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಮರಿ ಅಲುಗಾಡದೆ ಬಿದ್ದುಕೊಂಡಿರುತ್ತದೆ. ನೀವು ಹತ್ತಿರ ಹೋದರೂ ಓಡುವುದಿಲ್ಲ. ‘ಪಾಪ, ಏಳಕ್ಕೂ ಶಕ್ತಿ ಇಲ್ಲ’ ಅಂತ ಜನ ಎತ್ತಿಕೊಳ್ಳುತ್ತಾರೆ. ಅದು ಸುಸ್ತಲ್ಲ. ಅಲುಗಾಡದೆ ಇರುವುದೇ ಅದಕ್ಕಿರುವ ರಕ್ಷಣೆ. ಕಾಡಂಚಿನ ರಸ್ತೆಯಿಂದ ಒಂದು ಮರಿಯನ್ನು ಕಾಲೇಜು ಹುಡುಗರು ಕಾರಿನಲ್ಲಿ ತಂದರು. ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ತಲೆ ಸವರುತ್ತಾ ಬಂದಿದ್ದರು. ಗಾಯ ಇರಲಿಲ್ಲ, ಜ್ವರ ಇರಲಿಲ್ಲ. ಎರಡು ದಿನದಲ್ಲಿ ಸತ್ತಿತು. ಜಿಂಕೆಗಳಲ್ಲಿ ವಿಪರೀತ ಭಯ ಮತ್ತು ಒದ್ದಾಟದಿಂದ ಸ್ನಾಯುಗಳೇ ಒಡೆದುಹೋಗುವ ಒಂದು ಸ್ಥಿತಿ ಇದೆ. ಒಡೆದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಕಿಡ್ನಿ ಕೆಡುತ್ತದೆ, ಹೃದಯ ಸೋಲುತ್ತದೆ. ಕೆಲವು ಅಲ್ಲೇ ಸಾಯುತ್ತವೆ, ಕೆಲವು ದಿನಗಳ ನಂತರ. ಚಿಕಿತ್ಸೆಯಿಂದ ಉಳಿಯುವುದು ಕಮ್ಮಿ. ನೀವು ಪ್ರೀತಿಯಿಂದ ಸವರುತ್ತಿದ್ದೀರಿ, ಮರಿಗೆ ಮಾತ್ರ ಹುಲಿ ಹಿಡಿದ ಹಾಗೇ ಇರುತ್ತದೆ. ಆ ಹುಡುಗರು ನನ್ನ ಮುಂದೆಯೇ ಅತ್ತರು. ಅವರಿಗೆ ಹೇಳಲು ನನ್ನ ಹತ್ತಿರ ಸಮಾಧಾನದ ಮಾತು ಇರಲಿಲ್ಲ.

ಹಕ್ಕಿ ಮರಿಗೂ ಇದೇ ಮಾತು. ರೆಕ್ಕೆ ಪುಕ್ಕ ಬಂದು ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ಬೆಕ್ಕು ನಾಯಿ ಇದ್ದರೆ ಹತ್ತಿರದ ಗಿಡದ ಮೇಲೆ ಕೂರಿಸಿ ಬನ್ನಿ. ಪುಕ್ಕವೇ ಬರದ ಮರಿ ಬಿದ್ದಿದ್ದರೆ ಗೂಡಿಗೆ ವಾಪಸ್ ಇಡಿ. ಮುಟ್ಟಿದ್ದಕ್ಕೆ ಹಕ್ಕಿಯೂ ಮರಿ ಬಿಡುವುದಿಲ್ಲ.

ಹಾಲಿನ ಬಗ್ಗೆ ಎರಡು ಮಾತು. ಹಸುವಿನ ಹಾಲು ಕೊಡಬೇಡಿ. ಚಿರತೆ ಹಾಲಿನಲ್ಲಿರುವಷ್ಟು ಕೊಬ್ಬು, ಪ್ರೋಟೀನು ಅದರಲ್ಲಿಲ್ಲ. ಮರಿಗೆ ಭೇದಿ ಹತ್ತುತ್ತದೆ, ಮೈಯ ನೀರಿನಂಶ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಕೂಸಿನ ಥರ ಅಂಗಾತ ಮಲಗಿಸಿ ಬಾಟಲಿಯಲ್ಲೋ ಒಳಲೆಯಲ್ಲೋ ಕುಡಿಸುವುದು. ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮೈ ತಣ್ಣಗಾಗಿರುವ ಮರಿಗೆ ಏನನ್ನೂ ಕುಡಿಸಲೇಬಾರದು. ಒಂದು ರಟ್ಟಿನ ಡಬ್ಬ, ಒಂದು ಹಳೇ ಬಟ್ಟೆ, ಕತ್ತಲೆ, ನಿಶ್ಶಬ್ದ. ನಾವು ಬರುವವರೆಗೆ ಇಷ್ಟೇ ಸಾಕು.

ಹಾಲು ಜೀರ್ಣವಾಗಿ ಮರಿ ಬದುಕಿತು ಅಂತಲೇ ಇಟ್ಟುಕೊಳ್ಳಿ. ಆಮೇಲೆ? ಚಿರತೆ ಮರಿ ತಾಯಿಯ ಹಿಂದೆ ಒಂದೂವರೆ ವರ್ಷದಷ್ಟು ಕಾಲ ಓಡಾಡಿ ಬದುಕುವುದು ಕಲಿಯುತ್ತದೆ. ಮನುಷ್ಯರ ಕೈಯಲ್ಲಿ ಬೆಳೆದದ್ದಕ್ಕೆ ಬೇಟೆಯೂ ಬರುವುದಿಲ್ಲ, ಜನರ ಭಯವೂ ಇರುವುದಿಲ್ಲ. ಅಂಥದ್ದನ್ನು ಕಾಡಿಗೆ ಬಿಡಲು ಯಾವ ಅಧಿಕಾರಿ ಧೈರ್ಯ ಮಾಡುತ್ತಾರೆ? ಬನ್ನೇರುಘಟ್ಟವೋ ಮೈಸೂರಿನ ಕೂರ್ಗಳ್ಳಿಯ ಪ್ರಾಣಿ ಪುನರ್ವಸತಿ ಕೇಂದ್ರವೋ, ಸಾಯುವ ತನಕ ಕಟ್ಟಿದ ಜಾಗವೇ ಗತಿ. ಅಲ್ಲಿನವರು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಆ ಮಾತು ಬೇರೆ. ಇತ್ತ ಮರಿ ಕಳೆದುಕೊಂಡ ತಾಯಿ ಕೂಗುತ್ತಾ ಅದೇ ಜಾಗದಲ್ಲಿ ಸುತ್ತುತ್ತದೆ. ಊರಿನವರಿಗೆ ಭಯ. ಬೋನು ಇಡಿ ಅಂತ ಗಲಾಟೆ. ಹೀಗೆ ಮರಿಯ ಹಿಂದೆ ತಾಯಿಯೂ ಬೋನಿಗೆ ಬೀಳುತ್ತದೆ.

ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿರತೆ ಮೊದಲನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿ. ಮರಿ ಕೈಗೆ ಬಂದರೆ 48 ಗಂಟೆಯೊಳಗೆ ತಿಳಿಸಬೇಕು ಅನ್ನುತ್ತದೆ ಕಾಯ್ದೆ. ನಾನು 48 ನಿಮಿಷವೂ ಕಾಯಬೇಡಿ ಅನ್ನುತ್ತೇನೆ. ಕೇಸಿಗೆ ಹೆದರಿ ಮರಿ ಬಚ್ಚಿಡುವವರೂ ಇದ್ದಾರೆ. ತಕ್ಷಣ ತಿಳಿಸಿದವರಿಗೆ ನಾನು ಕಂಡ ಮಟ್ಟಿಗೆ ತೊಂದರೆ ಆಗಿಲ್ಲ.

ಹಾಗಾದರೆ ನಿಜವಾದ ಅನಾಥ ಮರಿಯೇ ಇಲ್ಲವಾ? ಇದೆ. ಪಕ್ಕದಲ್ಲೇ ತಾಯಿ ರಸ್ತೆಯಲ್ಲಿ ಸತ್ತಿದ್ದರೆ, ಉರುಳಿಗೆ ಬಿದ್ದಿದ್ದರೆ. ಮರಿಯ ಮೇಲೆ ಇರುವೆ ಮುತ್ತಿದ್ದರೆ, ಗಾಯಕ್ಕೆ ಹುಳ ಬಿದ್ದಿದ್ದರೆ, ಮೈ ತಣ್ಣಗಾಗಿದ್ದರೆ. ಆಗಲೂ ಮೊದಲು ಫೋನ್ ಮಾಡಿ, ದೂರದಿಂದ ಒಂದು ಫೋಟೋ ಕಳಿಸಿ. ಎಷ್ಟೋ ಸಲ ಚಿರತೆ ಮರಿ ಅಂದುಕೊಂಡದ್ದು ಕಾಡುಬೆಕ್ಕಿನ ಮರಿ ಆಗಿರುತ್ತದೆ. ಆನೆ ಮರಿಯ ವಿಷಯ ಮಾತ್ರ ಬೇರೆ. ಮೇಲೆ ಹೇಳಿದ್ದನ್ನು ಅದಕ್ಕೆ ಹಾಗೇ ಹಚ್ಚಬೇಡಿ. ಹಿಂಡು ಬಿಟ್ಟ ಮರಿಯನ್ನು ಸೇರಿಸುವುದು ಅನುಭವಿಗಳಿಗೂ ಕೆಲವು ಸಲ ಆಗುವುದಿಲ್ಲ. ತಮಿಳುನಾಡಿನ ಆನಮಲೈಯಲ್ಲಿ 2023ರ ಡಿಸೆಂಬರಿನಲ್ಲಿ ಸಿಬ್ಬಂದಿ ಒಂದು ಮರಿಯನ್ನು ತಾಯಿಗೆ ಸೇರಿಸಿದರು. ಅದು ತಾಯಿಗೆ ಒರಗಿ ಮಲಗಿರುವ ಫೋಟೋ ನೀವೂ ನೋಡಿರಬಹುದು. ಅದರ ಹಿಂದೆ ಗಂಟೆಗಟ್ಟಲೆ ಹಿಂಡು ಹುಡುಕಿದವರ ದುಡಿಮೆ ಇದೆ.

ಈ ಸಲದ ಕಟಾವಿಗೆ ಮುಂಚೆ ಗದ್ದೆಯ ಯಜಮಾನರಲ್ಲಿ ಒಂದು ಕೋರಿಕೆ. ಗ್ಯಾಂಗು ಬೇರೆ ಜಿಲ್ಲೆಯಿಂದ ಬಂದಿರುತ್ತದೆ, ಅವರಿಗೆ ಇಲ್ಲಿಯ ಚಿರತೆಗಳ ಸುದ್ದಿ ಗೊತ್ತಿರುವುದಿಲ್ಲ. ಮೊದಲ ದಿನವೇ ಮೇಸ್ತ್ರಿಯನ್ನು ಕೂರಿಸಿಕೊಂಡು ಹೇಳಿ. ಸುತ್ತಲಿಂದ ಕಡಿಯುತ್ತಾ ಒಳಗೆ ಬರಬೇಡಿ, ಒಂದು ಕಡೆಯಿಂದ ಕಡಿಯಿರಿ, ಪ್ರಾಣಿಗೆ ಆಚೆ ಹೋಗಲು ದಾರಿ ಇರಲಿ. ಮರಿ ಕಂಡರೆ ಮುಟ್ಟದೆ ಹಿಂದೆ ಸರಿದು, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಲಾರಿ ಬಂದು ನಿಂತಿರುತ್ತೆ, ಗ್ಯಾಂಗು ನಾಳೆ ಇನ್ನೊಬ್ಬರ ಗದ್ದೆಗೆ ಹೋಗಿಬಿಡುತ್ತೆ ಅನ್ನುವ ನಿಮ್ಮ ಕಷ್ಟ ನನಗೆ ಗೊತ್ತು. ಇಡೀ ಗದ್ದೆ ನಿಲ್ಲಿಸಿ ಅಂತ ನಾವು ಕೇಳುತ್ತಿಲ್ಲ. ಮರಿ ಇರುವ ಮೂಲೆ ಬಿಟ್ಟು ದೂರದ ಸಾಲುಗಳನ್ನು ಮೊದಲು ಕಡಿಸಿ, ಆ ಮೂಲೆಯನ್ನು ಕಡೆಗೆ ಇಟ್ಟುಕೊಳ್ಳಿ. ಯಾವಾಗ ಕಡಿಯಬಹುದು ಅಂತ ನಾವೇ ಬಂದು ನೋಡಿ ಹೇಳುತ್ತೇವೆ.