ಪಥ್ಯ ತಪ್ಪಿದ ಮರುದಿನ

ಊಟವಾಗಿ ಎರಡು ಗಂಟೆ ಕಳೆದಿದೆ. ಬೆರಳು ಚುಚ್ಚಿ, ರಕ್ತದ ಹನಿಯನ್ನು ಸ್ಟ್ರಿಪ್ಪಿಗೆ ತಾಗಿಸಿದರೆ ಮೀಟರ್ 232 ಎನ್ನುತ್ತದೆ. ಮಧುಮೇಹಕ್ಕೆಂದು ಹಿಡಿದ ಕಡಿಮೆ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ) ಪಥ್ಯದಲ್ಲಿ ಮೂರು ವಾರದಿಂದ 140 ದಾಟದಿದ್ದ ಶುಗರ್! ತಿಂದದ್ದು ಎರಡು ತುಂಡು ಕೇಕ್. ಇಂಥ ಹೊತ್ತಿನಲ್ಲಿ ಕೆಲವರು ಮೀಟರನ್ನು ಒಳಗಿಟ್ಟು ವಾರಗಟ್ಟಲೆ ಮುಟ್ಟುವುದಿಲ್ಲ. ಇನ್ನು ಕೆಲವರು ನಾಳೆಯಿಡೀ ಉಪವಾಸ ಎಂದು ಶಪಥ ಮಾಡುತ್ತಾರೆ. ಕೇಕ್ ಮಾಡಿದ್ದಕ್ಕಿಂತ ಹೆಚ್ಚಿನ ಹಾನಿಯನ್ನು ಈ ಎರಡು ತೀರ್ಮಾನಗಳು ಮಾಡುತ್ತವೆ ಎನ್ನುವುದು ನನ್ನ ದೃಢ ನಂಬಿಕೆ.

ಮೊದಲು ಆ 232ರ ಲೆಕ್ಕ ನೋಡೋಣ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಶುಗರ್ 100 ಇದ್ದಾಗ, ಅಂದರೆ ಪ್ರತಿ 100 ಮಿಲಿಲೀಟರ್ ರಕ್ತಕ್ಕೆ 100 ಮಿಲಿಗ್ರಾಂ ಇದ್ದಾಗ, ಆ ಅಷ್ಟೂ ರಕ್ತದಲ್ಲಿ ಇರುವ ಗ್ಲೂಕೋಸ್ ಬರೀ 5 ಗ್ರಾಂ, ಅಂದರೆ ಒಂದು ಟೀ ಚಮಚ. ಎರಡು ತುಂಡು ಕೇಕಿನಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಕಾರ್ಬೋಹೈಡ್ರೇಟ್ ಇರಬಹುದು. ಇನ್ಸುಲಿನ್ ಅದನ್ನು ಬಂದ ಹಾಗೆಲ್ಲ ಯಕೃತ್ತಿಗೂ ಸ್ನಾಯುಗಳಿಗೂ ಸಾಗಿಸಬೇಕು. ಮಧುಮೇಹದಲ್ಲಿ ತಡವಾಗುವುದು ಈ ಸಾಗಾಣಿಕೆಯೇ.

ಇದರ ಜೊತೆಗೆ, ಬಹಳ ಜನರಿಗೆ ಯಾರೂ ಹೇಳದ ಒಂದು ಸಂಗತಿಯಿದೆ. ವಾರಗಟ್ಟಲೆ ಕಾರ್ಬ್ ಕಡಿಮೆ ತಿಂದ ದೇಹ ಕೊಬ್ಬನ್ನೇ ಉರಿಸಿ ನಡೆಯಲು ಒಗ್ಗಿಕೊಂಡಿರುತ್ತದೆ. ಅಂಥ ದೇಹಕ್ಕೆ ಒಮ್ಮೆಲೇ ಸಕ್ಕರೆ ಬಂದು ಬಿದ್ದರೆ ಅದನ್ನು ಸಂಭಾಳಿಸುವುದು ನಿಧಾನ. ಹಾಗಾಗಿಯೇ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಗೆ ಮುಂಚೆ ಮೂರು ದಿನ, ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನಬೇಕೆಂಬ ನಿಯಮವಿದೆ. ತಿನ್ನದೆ ಹೋದರೆ ಇಲ್ಲದ ಮಧುಮೇಹವೂ ಇದ್ದಂತೆ ಕಾಣಬಹುದು. ಅಂದಮೇಲೆ ಪಥ್ಯದ ನಡುವೆ ತಿಂದ ಕೇಕಿಗೆ ಶುಗರ್ ಹಿಂದೆಂದಿಗಿಂತ ಮೇಲೇರಿದರೆ, ಅಷ್ಟರಿಂದಲೇ ಕಾಯಿಲೆ ಉಲ್ಬಣಿಸಿತೆಂದು ಎದೆಗುಂದಬೇಕಿಲ್ಲ.

ಬೆಳಗ್ಗೆ ತಕ್ಕಡಿಯ ಮೇಲೆ ನಿಂತಾಗ ಒಂದು ಕಿಲೋ ಹೆಚ್ಚಾಗಿದ್ದರೆ ಅದಕ್ಕೂ ಕಾರಣವಿದೆ. ದೇಹ ಗ್ಲೂಕೋಸನ್ನು ಗ್ಲೈಕೋಜನ್ ಆಗಿ ಕೂಡಿಡುವಾಗ ಪ್ರತಿ ಗ್ರಾಮಿಗೆ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಡುತ್ತದೆ. ಏರಿದ ತೂಕದ ಬಹುಪಾಲು ಆ ನೀರು. ಪಥ್ಯಕ್ಕೆ ಮರಳಿದರೆ ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ.

ಎಚ್‌ಬಿಎ1ಸಿ ಪರೀಕ್ಷೆಯ ಭಯವೂ ಅಷ್ಟೇ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಆ ಪರೀಕ್ಷೆ ಈ ಕಣಗಳಲ್ಲಿ ಅಂಟಿಕೊಂಡ ಗ್ಲೂಕೋಸನ್ನು ಅಳೆದು ಎರಡು ಮೂರು ತಿಂಗಳ ಶುಗರ್ ಸರಾಸರಿಯನ್ನು ಹೇಳುತ್ತದೆ. ಮೂರು ತಿಂಗಳೆಂದರೆ ಎರಡು ಸಾವಿರಕ್ಕೂ ಹೆಚ್ಚು ಗಂಟೆ. ಅದರಲ್ಲಿ ನಾಲ್ಕು ಗಂಟೆಯ ಏರಿಕೆ ಗುರುತು ಸಿಗದಷ್ಟು ಸಣ್ಣದು. ವಾರಕ್ಕೆ ಮೂರು ಸಲ ಹೀಗಾದರೆ ಮಾತು ಬೇರೆ.

ಒಂದು ಸಲದ ತಪ್ಪು ಮೂರು ಸಲವಾಗುವುದು ಹೇಗೆ? ಮುಳುಗಿದವನಿಗೆ ಚಳಿಯೇನು, ಮಳೆಯೇನು ಎಂಬ ಗಾದೆಯಲ್ಲಿ ಉತ್ತರವಿದೆ. 1975ರಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ಹರ್ಮನ್ ಮತ್ತು ಅವರ ಸಹೋದ್ಯೋಗಿ ಒಂದು ಪ್ರಯೋಗದಲ್ಲಿ ಇದನ್ನೇ ಕಂಡರು. ಊಟಕ್ಕೆ ಕಡಿವಾಣ ಹಾಕಿಕೊಂಡಿದ್ದವರಲ್ಲಿ ಕೆಲವರಿಗೆ ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ರುಚಿ ನೋಡಿ ಹೇಳಿ ಎಂದು ಐಸ್‌ಕ್ರೀಮ್ ಕೊಟ್ಟರು. ಹೊಟ್ಟೆ ತುಂಬಿದ್ದವರು ಕಡಿಮೆ ತಿನ್ನಬೇಕಿತ್ತು. ಆದರೆ ಮಿಲ್ಕ್‌ಶೇಕ್ ಕುಡಿದಿದ್ದವರೇ ಕುಡಿಯದವರಿಗಿಂತ ಹೆಚ್ಚು ಐಸ್‌ಕ್ರೀಮ್ ತಿಂದರು. ಹೇಗೂ ವ್ರತ ಕೆಟ್ಟಿದೆಯಲ್ಲ ಎಂಬ ಭಾವನೆ ಹಸಿವನ್ನೂ ಮೀರಿ ಕೈಯನ್ನು ಬಟ್ಟಲಿಗೆ ಎಳೆಯುತ್ತದೆ.

ಪಥ್ಯ ತಪ್ಪಿದವರನ್ನು ನಾಲಿಗೆಚಪಲದವರು ಎಂದು ಹಂಗಿಸುವವರನ್ನು ಕಂಡಾಗ ನನಗೆ ಒಬ್ಬ ಹುಡುಗನ ನೆನಪಾಗುತ್ತದೆ. ಇನ್ಸುಲಿನ್ ಇನ್ನೂ ಇಲ್ಲದ 1910ರ ದಶಕ. ಅಮೆರಿಕದ ವೈದ್ಯ ಫ್ರೆಡರಿಕ್ ಅಲೆನ್ ತಮ್ಮ ರೋಗಿಗಳನ್ನು ಅರೆಹೊಟ್ಟೆಯಲ್ಲಿಟ್ಟು ಬದುಕಿಸಲು ಹೆಣಗುತ್ತಿದ್ದರು. ಅವರಲ್ಲಿದ್ದ, ಕಾಯಿಲೆಯಿಂದ ಕಣ್ಣು ಕಳೆದುಕೊಂಡಿದ್ದ 12 ವರ್ಷದ ಹುಡುಗನ ಮೂತ್ರದಲ್ಲಿ ಎಷ್ಟು ಕಾವಲಿಟ್ಟರೂ ಸಕ್ಕರೆ ಕಾಣುತ್ತಲೇ ಇತ್ತು. ಕೊನೆಗೆ ತಿಳಿದದ್ದು, ಅವನು ಟೂತ್‌ಪೇಸ್ಟನ್ನೂ ಪಂಜರದ ಹಕ್ಕಿಗೆ ಇಟ್ಟಿದ್ದ ಕಾಳನ್ನೂ ತಿಂದಿದ್ದನೆಂದು. ಹಸಿದ ಆ ಮಗುವನ್ನು ದೂರಲು ಯಾರಿಗೆ ಬಾಯಿ ಬರುತ್ತದೆ?

ಸರಿ, ಕೇಕ್ ತಿಂದಾಯಿತು. ಈಗ ಏನು ಮಾಡಬೇಕು? ಕೂತಲ್ಲಿಂದ ಎದ್ದು ಹದಿನೈದು ನಿಮಿಷ ನಡೆಯಬೇಕು. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಮುಂದಿನ ಊಟ ಅದರ ಹೊತ್ತಿಗೆ, ಎಂದಿನ ಪಥ್ಯದಂತೆ. ಇಷ್ಟು ಸಾಕು.

ತಪ್ಪು ಸರಿಪಡಿಸುವ ಆತುರದಲ್ಲಿ ಮಾತ್ರೆ, ಇಂಜೆಕ್ಷನ್‌ಗೆ ಕೈ ಹಾಕುವುದೇ ನಿಜವಾದ ಅಪಾಯ. ಊಟದ ಹೊತ್ತಿನ ಇನ್ಸುಲಿನ್ ಕನಿಷ್ಠ ಮೂರು ನಾಲ್ಕು ಗಂಟೆ ಕೆಲಸ ಮಾಡುತ್ತದೆ. ಅದು ಮುಗಿಯುವ ಮೊದಲೇ ಗಾಬರಿಯಿಂದ ಇನ್ನೊಂದು ಡೋಸ್ ಚುಚ್ಚಿಕೊಂಡರೆ ನಡುರಾತ್ರಿ ಶುಗರ್ ಕುಸಿಯಬಹುದು. ಇನ್ಸುಲಿನ್ ಸ್ರವಿಕೆ ಹೆಚ್ಚಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಮರುದಿನ ಊಟ ಬಿಟ್ಟರೂ ಇದೇ ಗತಿ. 70ಕ್ಕಿಂತ ಕೆಳಗೆ ಇಳಿದರೆ ಪಥ್ಯವನ್ನು ಪಕ್ಕಕ್ಕಿಟ್ಟು ತಕ್ಷಣ 15 ಗ್ರಾಂ ಗ್ಲೂಕೋಸ್ ತೆಗೆದುಕೊಳ್ಳಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರು ಪ್ರಾಯಶ್ಚಿತ್ತದ ಉಪವಾಸ ಮಾಡಲೇಬಾರದು. ಮೀಟರಿನಲ್ಲಿ ಶುಗರ್ ಹೆಚ್ಚಿಲ್ಲದಿದ್ದರೂ ಕೊಬ್ಬು ಉರಿಯುವಾಗ ಹುಟ್ಟುವ ಕೀಟೋನೆಂಬ ಆಮ್ಲಗಳು ರಕ್ತದಲ್ಲಿ ತುಂಬಿ ಜೀವಕ್ಕೆ ಅಪಾಯವಾಗಬಹುದು. ಈ ಔಷಧಿಗಳ ಜೊತೆ ಕಡಿಮೆ ಕಾರ್ಬ್ ಪಥ್ಯ ಹಿಡಿಯುವ ಮುನ್ನವೇ ವೈದ್ಯರಿಗೆ ಹೇಳಿ. ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನುಳಿದದ್ದು ಒಂದು ಸಾಲಿನ ಬರವಣಿಗೆ. ‘ಮಂಗಳವಾರ ರಾತ್ರಿ 9, ಕೇಕ್ ಎರಡು ತುಂಡು, 11ಕ್ಕೆ 232, ಬೆಳಗ್ಗೆ 124; ಮಧ್ಯಾಹ್ನದ ಊಟ ಬಿಟ್ಟಿದ್ದೆ.’ ನನ್ನ ಕಣ್ಣಿಗೆ ಅಂಕಿಗಳಿಗಿಂತ ಆ ಕೊನೆಯ ಮಾತು ಹೆಚ್ಚು ಬೆಲೆಯದು. ಇಂಥ ನಾಲ್ಕಾರು ಸಾಲುಗಳನ್ನು ಒಟ್ಟಿಗೆ ಓದಿದಾಗ, ಕೈ ಸಿಹಿಯತ್ತ ಹೋದ ರಾತ್ರಿಗಳಲ್ಲೆಲ್ಲ ಮಧ್ಯಾಹ್ನದ ತಟ್ಟೆ ಖಾಲಿ ಇತ್ತೆಂದು ಕಾಣಬಹುದು. ಆಗ ಗಮನ ಕೊಡಬೇಕಾದದ್ದು ಮಧ್ಯಾಹ್ನ ಒಂದು ಗಂಟೆಯ ಊಟಕ್ಕೆ.